ಹಿಂದಿನ ಗೋಡೆ

ಬೆಳಿಗ್ಗೆಯಿಂದ ಇದು ಎಂಟನೆಯ ಸಲವೋ ಒಂಬತ್ತನೆಯ ಸಲವೋ. ವಿನ್‌ಫ್ರೀಡ್ ಲೋಟ್ಸ್ ಆ ಹಳೆಯ ಲೆನ್ಸಿನ ಕೊಳವೆಯನ್ನು ಹೊರಗೆಳೆದ, ಬಲಕ್ಕೆ ತಿರುಗಿಸಿದ, ಬಿಗಿಯಾಯಿತೆಂದು ಬೆರಳಿಗೆ ತಿಳಿದ ಮೇಲೂ ನಂಬಿಕೆ ಸಾಲದೆ ಇನ್ನೊಮ್ಮೆ ಒತ್ತಿ ನೋಡಿದ. ಜಾರಲಿಲ್ಲ. ಎಡಕ್ಕೆ ತಿರುಗಿಸಿ ಒಳಗೆ ತಳ್ಳಿದ. ಆಮೆಯ ತಲೆಯ ಹಾಗೆ ಕುಗ್ಗಿ ಕೋಟಿನ ಜೇಬಿಗೆ ಹಿಡಿಸುವಷ್ಟಾಯಿತು. ಐವತ್ನಾಲ್ಕನೆಯ ಇಸವಿಯಲ್ಲಿ ಜರ್ಮನಿಯ ಇದೇ ವೆಟ್ಸ್ಲಾರ್ ಊರಿನಲ್ಲಿ ತಯಾರಾದ ಲೆನ್ಸು, ಅವನಿಗಿಂತ ನಾಲ್ಕು ವರ್ಷ ಚಿಕ್ಕದು. ಇಂಥವನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸುವ ಕೆಲಸದಲ್ಲಿ ಅವನ ಮೂವತ್ತಾರು ವರ್ಷ ಹೋಗಿತ್ತು. ಕ್ಯಾಮೆರಾ ಕಾರ್ಖಾನೆಯ ರಿಪೇರಿ ವಿಭಾಗಕ್ಕೆ ವಾರಕ್ಕೊಂದಾದರೂ ಪಾರ್ಸೆಲ್ ಬರುತ್ತಿತ್ತು, ಜೊತೆಗೊಂದು ಸಿಟ್ಟಿನ ಕಾಗದ: ನಿಮ್ಮ ಲೆನ್ಸು ಕೆಟ್ಟಿದೆ, ತೆಗೆದ ಚಿತ್ರಗಳೆಲ್ಲ ಮಸುಕು. ಬೆಂಚಿನಲ್ಲಿದ್ದವರು ಮುಸಿಮುಸಿ ನಗುತ್ತಿದ್ದರು. ಲೆನ್ಸು ಕೆಟ್ಟಿರುತ್ತಿರಲಿಲ್ಲ, ಹೊರಗೆಳೆದವರು ತಿರುಗಿಸಿ ಬಿಗಿ ಮಾಡುವುದನ್ನು ಮರೆತಿರುತ್ತಿದ್ದರು, ಅಷ್ಟೆ. ಈ ಜಾತಿಯ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವುದು ಲೆನ್ಸಿನ ಮೂಲಕ ಅಲ್ಲ, ಪಕ್ಕದ ಒಂದು ಪುಟ್ಟ ಕಿಟಕಿಯ ಮೂಲಕ. ಆ ಕಿಟಕಿಯಲ್ಲಿ ಎದುರಿಗಿರುವ ಮುಖ ಎರಡಾಗಿ ಕಾಣುತ್ತದೆ, ಉಂಗುರ ತಿರುಗಿಸುತ್ತ ಎರಡನ್ನೂ ಒಂದರ ಮೇಲೊಂದು ಕೂರಿಸಬೇಕು. ಎಲ್ಲವೂ ಸ್ವಚ್ಛವಾಗಿ ಕಾಣುತ್ತದೆ. ಒಳಗೆ ಫಿಲ್ಮಿನ ಮೇಲೆ ಏನು ಬೀಳುತ್ತಿದೆ ಎಂಬುದು ಕಣ್ಣಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ಲೆನ್ಸನ್ನು ವಾಪಸ್ಸು ಕಳಿಸುವಾಗ ಅವರು ಒಂದು ಅಚ್ಚಿನ ಚೀಟಿ ಇಡುತ್ತಿದ್ದರು. ಹೊರಗೆಳೆಯಿರಿ, ಬಲಕ್ಕೆ ತಿರುಗಿಸಿ, ಬಿಗಿಯಾಯಿತೇ ನೋಡಿ. ಆ ಮೂರು ಮಾತುಗಳನ್ನು ಬರೆದುಕೊಟ್ಟವನು ವಿನ್‌ಫ್ರೀಡನೇ.

ಇವತ್ತು ಎರಡು ಗಂಟೆಗೆ ಫೋಟೋ ಸಂಘದಲ್ಲಿ ಹಳೆಯ ಲೆನ್ಸಿಗೂ ಹೊಸ ಲೆನ್ಸಿಗೂ ಪರೀಕ್ಷೆ. ಒಂದೇ ಕ್ಯಾಮೆರಾ, ಒಂದೇ ಕಿಟಕಿಯ ಬೆಳಕು, ಒಂದೇ ಮುಖ. ಒಂದು ಚಿತ್ರ ಅವನ ಈ ಲೆನ್ಸಿನಿಂದ, ಇನ್ನೊಂದು ಸಂಘದ ಟಾರ್ಸ್ಟೆನ್ ಕ್ಲಿಂಕೆಲ್ ಕೊಂಡ ಹೊಸದರಿಂದ. ಹೆಸರು ಹೇಳದೆ ಗೋಡೆಗೆ ಹಚ್ಚಿ, ಯಾವುದು ಯಾವುದೆಂದು ಗುರುತಿಸಬೇಕು. ಇಂಥದೊಂದು ಪರೀಕ್ಷೆ ಬೇಕಾದದ್ದೇ ವಿನ್‌ಫ್ರೀಡನಿಂದಾಗಿ. ಸಂಘದ ಕೋಣೆಯಲ್ಲಿ, ಬಾಗಿಲೆದುರಿನ ಗೋಡೆಯ ಮೇಲೆ, ಮಾರ್ಲೀಸಳ ಚಿತ್ರ ನಾಲ್ಕು ವರ್ಷದಿಂದ ತೂಗುತ್ತಿದೆ. ಅಡುಗೆಮನೆಯ ಕಿಟಕಿಯ ಪಕ್ಕ ಕುಳಿತ ಅವನ ಹೆಂಡತಿ, ಬೆಳಕಿನಲ್ಲಿ ಕರಗುತ್ತಿರುವಂಥ ಮುಖ, ಕಣ್ಣೆಲ್ಲಿ ಮುಗಿದು ಕೆನ್ನೆಯೆಲ್ಲಿ ಶುರುವಾಯಿತೆಂದು ಹೇಳಲಾಗದು. ಜಿಲ್ಲಾ ಪ್ರದರ್ಶನದಲ್ಲಿ ಅದಕ್ಕೆ ಮೊದಲ ಸ್ಥಾನ ಬಂದಿತ್ತು. ಎಂಥ ಶಾಂತಿ, ಎಂದಿದ್ದರು ಜನ. ಈ ಮೃದುತ್ವ ಹೇಗೆ ಬಂತೆಂದು ಯಾರೋ ಕೇಳಿದಾಗ ಅವನ ಬಾಯಿಂದ ಬಂದದ್ದು, ಹಳೇ ಗಾಜು ಅಂದ್ರೆ ಹಾಗೇನೇ, ಎಂಬ ಮಾತು. ಹೇಳಿದ ಆ ಗಳಿಗೆಯಲ್ಲಿ ಅದು ಸುಳ್ಳೆಂದು ಕೂಡ ಅನ್ನಿಸಿರಲಿಲ್ಲ, ಯಾರಾದರೂ ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇನೆ ಎನ್ನುವ ಹಾಗೆ ಬಂದುಬಿಟ್ಟಿತ್ತು. ಆಮೇಲೆ ಅದು ಬೆಳೆಯಿತು. ಪಕ್ಕದ ಗೀಸೆನ್ ಊರಿಗೆ ಹೋಗಿ ಹಳೆಯ ಲೆನ್ಸುಗಳ ಗುಣದ ಬಗ್ಗೆ ಭಾಷಣ ಕೊಟ್ಟ. ಹೊಸ ಲೆನ್ಸು ಎಲ್ಲವನ್ನೂ ತೋರಿಸುತ್ತದೆ, ಹಳೆಯದು ಕ್ಷಮಿಸುತ್ತದೆ, ಎಂದ. ಆ ವಾಕ್ಯಕ್ಕೆ ಚಪ್ಪಾಳೆ ಬಿದ್ದಿತ್ತು.

ಬಾಗಿಲ ಗಂಟೆ ಬಡಿಯಿತು. ಮಗಳು ಯುಟ್ಟಾ, ಕಾಸೆಲ್ ಊರಿನಿಂದ ಕಾರು ಓಡಿಸಿಕೊಂಡು ಬಂದಿದ್ದಳು. ಪರೀಕ್ಷೆಗೆ ಕೂರುವ ಮುಖ ಅವಳದೇ ಆಗಲಿ ಎಂದು ಟಾರ್ಸ್ಟೆನ್ ಕೇಳಿದ್ದ. ತಾಯಿಯ ಚಿತ್ರ ತೆಗೆದ ಲೆನ್ಸಿನಲ್ಲೇ ಮಗಳದೂ. ನಲವತ್ತೇಳರ ಹೆಂಗಸು ಹೊಸ ನೀಲಿ ಸ್ವೆಟರ್ ಹಾಕಿಕೊಂಡು, ತುಟಿಗೆ ತೆಳ್ಳಗೆ ಬಣ್ಣ ಹಚ್ಚಿಕೊಂಡು, ಹುಡುಗಿಯಂತೆ ನಾಚುತ್ತ ನಿಂತಿದ್ದಳು.

"ಪಪ್ಪ, ಹೆಂಗಿದೀನಿ ಹೇಳು. ಸ್ವೆಟರ್ ಜಾಸ್ತಿಯಾಯ್ತಾ?"

"ಚೆನ್ನಾಗಿದೆ. ಊಟ ಆಯ್ತಾ?"

"ದಾರೀಲಿ ಬನ್ ತಿಂದೆ. ಅಮ್ಮನ ಥರ ಬರುತ್ತಾ ಮುಖ? ಆ ಥರ ಬೆಳಕಾಗಿ?"

ಅವನು ಕೋಟಿನ ತೋಳಿಗೆ ಕೈ ಹಾಕುವುದರಲ್ಲಿ ಮುಳುಗಿದ. ಅವಳ ಮನೆಯ ಕೋಣೆಯಲ್ಲೂ ಆ ಚಿತ್ರವಿದೆ, ದಿನಾ ಸಂಜೆ ಕೆಲಸದಿಂದ ಬಂದು ಅದರೊಂದಿಗೆ ಎರಡು ಮಾತಾಡುತ್ತಾಳಂತೆ. ಅವಳೇ ಒಮ್ಮೆ ಫೋನಿನಲ್ಲಿ ಹೇಳಿ, ಹೇಳಿದ್ದಕ್ಕೆ ತಾನೇ ನಕ್ಕಿದ್ದಳು.

"ಹೇಳೋದು ಮರ್ತೆ," ಎಂದಳು ಮೆಟ್ಟಿಲಿಳಿಯುತ್ತ. "ಹೋದ ವಾರ ಒಂದು ಗುಂಡಿ ಹಾಕ್ಬೇಕಿತ್ತು. ಅಮ್ಮನ ಹೊಲಿಗೆ ಡಬ್ಬಿ ತೆಗ್ದೆ. ಗುಂಡಿಗಳ ಕೆಳಗೆ ಏನು ಸಿಕ್ತು ಹೇಳು ನೋಡೋಣ."

ಕೈಯಲ್ಲಿ ಮೆಟ್ಟಿಲಿನ ಕಟಕಟೆ ಇತ್ತು, ಒಳ್ಳೆಯದಾಯಿತು.

"ನೆಗೆಟಿವ್, ಪಪ್ಪ. ಆ ಫೋಟೋದ್ದು. ನೀನು ಕಳ್ದೇಹೋಯ್ತು ಅಂತಿದ್ಯಲ್ಲ. ನಂಗೆ ನೋಡಿದ್ರೆ ಏನೂ ಗೊತ್ತಾಗಲ್ಲ, ಮುಖ ಎಲ್ಲ ಕಪ್ಪು. ಟಾರ್ಸ್ಟೆನ್‌ಗೆ ಅಂಚೇಲಿ ಕಳ್ಸಿದೀನಿ. ಇವತ್ತು ಕಾಫಿ ಆದ್ಮೇಲೆ ಪರದೆ ಮೇಲೆ ದೊಡ್ಡದಾಗಿ ತೋರಿಸ್ತಾನಂತೆ, ಪೂರ್ತಿ ಚಿತ್ರ. ನಿಂಗೆ ಹೇಳ್ಬೇಡ ಅಂದಿದ್ದ. ನನ್ ಬಾಯಿ ನೋಡು."

ಎಸೆಯಲಾಗದೆ, ಇಟ್ಟುಕೊಳ್ಳಲಾಗದೆ, ಇನ್ನು ಯಾರೂ ತೆರೆಯದ ಜಾಗವೆಂದು ಅವನೇ ಅದನ್ನು ಗುಂಡಿಗಳ ಕೆಳಗೆ ಇಟ್ಟಿದ್ದ. ಮನೆ ಖಾಲಿ ಮಾಡಿ ಈ ಎರಡು ಕೋಣೆಗೆ ಬಂದಾಗ ಡಬ್ಬಿಯನ್ನು ಯುಟ್ಟಾ ನೆನಪಿಗೆಂದು ಒಯ್ದಳು. ಮೂರು ವಾರದ ಮೇಲೆ ಹಲ್ಲುಜ್ಜುತ್ತಿರುವಾಗ ಅವನಿಗೆ ಹೊಳೆದು ಬ್ರಷ್ಷು ಕೈಯಲ್ಲೇ ಉಳಿದಿತ್ತು. ವಾಪಸ್ಸು ಕೇಳುವುದು ಹೇಗೆ? ಅವಳಿಗೆ ಹೊಲಿಗೆ ಬಾರದು ಎಂದು ಸಮಾಧಾನ ಮಾಡಿಕೊಂಡಿದ್ದ. ಒಂದು ಗುಂಡಿಗೆ ಯಾವ ಹೊಲಿಗೆ ಬರಬೇಕು.

ಕಾರು ಲಾನ್ ನದಿಯ ಸೇತುವೆ ದಾಟುವಾಗ, ಅರ್ಧಕ್ಕೇ ನಿಂತ ದೊಡ್ಡ ಚರ್ಚಿನ ಗೋಪುರ ಎಡಕ್ಕೆ ಬಂದು ಹೋಯಿತು. ಈಗ ಹೇಳಬಹುದು, ಎಂದುಕೊಂಡ. ಸೇತುವೆ ಮುಗಿಯಲಿ. ಸೇತುವೆ ಮುಗಿಯಿತು. ದೀಪದ ಬಳಿ ಕಾರು ನಿಂತಾಗ ಹೇಳುತ್ತೇನೆ. ದೀಪ ಹಸಿರಾಗಿಯೇ ಇತ್ತು. ಪಕ್ಕದಲ್ಲಿ ಮಗಳು ರಜೆಯ ವಿಷಯ ಏನೋ ಹೇಳುತ್ತಿದ್ದಳು, ಅವನು ಹ್ಞೂಂಗುಟ್ಟುತ್ತಿದ್ದ, ಅವನ ಕಣ್ಣ ಮುಂದೆ ಆ ಅಡುಗೆಮನೆ. ಒಂಬತ್ತು ದಿನ ಹಾಸಿಗೆ ಬಿಟ್ಟು ಏಳದ ಮಾರ್ಲೀಸ್ ಅಂದು ಬೆಳಿಗ್ಗೆ ತಾನಾಗಿ ಎದ್ದು, ಗೋಡೆ ಹಿಡಿದುಕೊಂಡು ಬಂದು, ಕ್ಯಾಲೆಂಡರಿನ ಒಂಬತ್ತು ಹಾಳೆಗಳನ್ನು ಒಂದೊಂದಾಗಿ ಹರಿದಿದ್ದಳು. ದಿನಕ್ಕೊಂದು ಹಾಳೆಯ, ದಪ್ಪ ಅಂಕಿಯ ಕ್ಯಾಲೆಂಡರು. ಮದುವೆಯಾದಂದಿನಿಂದ ಅದನ್ನು ಹರಿಯುವುದು ಅವಳ ಹಕ್ಕು. ಹರಿದ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕುರ್ಚಿಯಲ್ಲಿ ಕುಳಿತಳು. ತಲೆ ಬಾಚಿಕೊಂಡಿದ್ದಳು. ಅದಕ್ಕೆ ಅರ್ಧ ಗಂಟೆ ಮುಂಚೆ ಯುಟ್ಟಾಳ ಫೋನು ಬಂದಿತ್ತು. ಕಾರಿನ ಕೀಲಿ ಕೈಲೇ ಇದೆ ಪಪ್ಪ, ಈಗ್ಲೇ ಹೊರಡ್ತೀನಿ, ಎಂದಿದ್ದಳು. ಬೇಡ, ಅಮ್ಮ ಕಣ್ಣೇ ಬಿಡ್ತಿಲ್ಲ, ಯಾರ ಗುರುತೂ ಹಿಡಿಯಲ್ಲ, ಸುಮ್ನೆ ಅಷ್ಟು ದೂರ ಯಾಕೆ, ಭಾನುವಾರ ಬಾ, ಎಂದಿದ್ದ ಅವನು. ಆಚೆ ಕೋಣೆಯಲ್ಲಿ ಬಾಚಣಿಗೆಯ ಸದ್ದು ಕೇಳುತ್ತಿತ್ತು. ಯಾಕೆ ಹಾಗೆಂದ ಎಂದು ಎಷ್ಟು ಸಲ ಕೇಳಿಕೊಂಡರೂ ಸಿಕ್ಕುವ ಉತ್ತರ ನಾಚಿಕೆಯಾಗುವಷ್ಟು ಚಿಕ್ಕದು. ಯುಟ್ಟಾ ಬಂದರೆ ಡಾಕ್ಟರು, ಆಸ್ಪತ್ರೆ, ನರ್ಸು ಯಾಕಿಟ್ಟಿಲ್ಲ ಎಂಬ ಜಗಳ. ಒಂಬತ್ತು ದಿನದ ಮೇಲೆ ಹೆಂಡತಿ ಎದ್ದು ಕುಳಿತಿದ್ದಾಳೆ, ಬಿಸಿಲು ಬಂದಿದೆ, ಆ ಒಂದು ಬೆಳಗನ್ನು ತನ್ನೊಬ್ಬನಿಗೇ ಇಟ್ಟುಕೊಳ್ಳಬೇಕೆನ್ನಿಸಿತು. ಮಕ್ಕಳು ಮಿಠಾಯಿ ಬಚ್ಚಿಟ್ಟುಕೊಳ್ಳುವ ಹಾಗೆ.

ಸಂಘದ ಕೋಣೆಯಲ್ಲಿ ಹನ್ನೆರಡು ಜನ ಸೇರಿದ್ದರು, ಹತ್ತು ಮಂದಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಗಾಜು ಅರೆದವರು, ಲೇಪ ಹಚ್ಚಿದವರು, ಅಳತೆ ನೋಡಿದವರು. ಕಾಫಿ ಕೇಕಿನ ಉಸ್ತುವಾರಿಯ ಹಿಲ್‌ಟ್ರೂಡ್ ಪ್ಲಮ್ ಹಣ್ಣಿನ ಕೇಕನ್ನು ಚೌಕ ಚೌಕವಾಗಿ ಕೊಯ್ಯುತ್ತಿದ್ದಳು. ಟಾರ್ಸ್ಟೆನ್ ಐವತ್ತರ ಆಸುಪಾಸಿನವನು, ಲೆನ್ಸುಗಳ ಲೆಕ್ಕಾಚಾರ ಮಾಡುವ ಎಂಜಿನಿಯರು, ಒಳ್ಳೆಯ ಮನುಷ್ಯ. ಒಳ್ಳೆಯವನಾಗಿರದಿದ್ದರೆ ಚೆನ್ನಾಗಿತ್ತು ಎಂದು ವಿನ್‌ಫ್ರೀಡನಿಗೆ ಅನ್ನಿಸಿತು. ಅವನನ್ನು ಬದಿಗೆ ಕರೆದು, ಆ ನೆಗೆಟಿವ್ ತೋರಿಸಬೇಡ, ಎನ್ನಬಹುದಿತ್ತು. ಯಾಕೆ, ಎನ್ನುತ್ತಾನೆ. ಆ ಯಾಕೆಗೆ ಹೇಳಿಕೊಳ್ಳಬಹುದಾದ ಒಂದು ಕಾರಣ ಬೇಕಲ್ಲ.

ಟಾರ್ಸ್ಟೆನ್ ಹಳೆಯ ಲೆನ್ಸನ್ನು ತನ್ನ ಡಿಜಿಟಲ್ ಕ್ಯಾಮೆರಾಕ್ಕೆ ಕೂರಿಸಿ, ಹೊರಗೆಳೆದು, ಬಲಕ್ಕೆ ತಿರುಗಿಸಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಬಿಗಿ ಮಾಡಿದೀನಿ ಲೋಟ್ಸ್ ಅವರೇ. ನಿಮ್ಮ ಚೀಟಿ ಓದ್ಕೊಂಡೇ ಬೆಳೆದೋನು ನಾನು."

ಎಲ್ಲರೂ ನಕ್ಕರು. ವಿನ್‌ಫ್ರೀಡನೂ ನಕ್ಕ.

ಯುಟ್ಟಾ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕುಳಿತಿದ್ದಳು. ಕ್ಯಾಮೆರಾ ನೋಡ್ಬೇಡಿ, ಅಪ್ಪನ್ನ ನೋಡಿ, ಎಂದ ಟಾರ್ಸ್ಟೆನ್. ಕ್ಯಾಮೆರಾದ ಪಕ್ಕ ನಿಂತ ಅಪ್ಪನನ್ನು ಅವಳು ನೋಡಿದಳು, ಮುಖ ಸಡಿಲವಾಯಿತು. ಒಂದು ಕ್ಲಿಕ್. ಲೆನ್ಸು ಬದಲಾಯಿತು. ಅಲುಗಾಡದೆ, ಅದೇ ನೋಟ. ಇನ್ನೊಂದು ಕ್ಲಿಕ್. ಮಗಳ ನೋಟವನ್ನು ಇಷ್ಟು ಹೊತ್ತು ಎದುರಿಸಿ ನಿಂತದ್ದು ಯಾವಾಗಲೋ ನೆನಪಿಲ್ಲ.

ಹತ್ತು ನಿಮಿಷದಲ್ಲಿ ಎರಡು ಪ್ರಿಂಟುಗಳು ಗೋಡೆಯ ಮೇಲಿದ್ದವು, ಕೆಳಗೆ ಎ, ಬಿ ಎಂದು ಬರೆದ ಚೀಟಿಗಳು. ಜನ ಕನ್ನಡಕ ಏರಿಸಿ ಇಳಿಸಿ ನೋಡಿದರು. ರೆಪ್ಪೆಯ ಕೂದಲು ಎರಡರಲ್ಲೂ ಎಣಿಸುವಷ್ಟು ಸ್ಪಷ್ಟ. ಸ್ವೆಟರಿನ ಹೆಣಿಗೆ ಎರಡರಲ್ಲೂ ಸ್ಪಷ್ಟ. ಮೂಲೆಗಳಲ್ಲಿ ಏನೋ ಚೂರು ವ್ಯತ್ಯಾಸ ಇದ್ದೀತು. ಕೋಣೆಯಲ್ಲಿ ಒಂದು ಬಗೆಯ ಮುಜುಗರ ಹಬ್ಬಿತು, ಯಾಕೆಂದರೆ ಎದುರು ಗೋಡೆಯ ಮೇಲೆ ಕರಗುತ್ತಿರುವ ಮಾರ್ಲೀಸ್ ಇದ್ದಳು.

"ಮೊದ್ಲು ನೀವು ಹೇಳಿ," ಎಂದ ಟಾರ್ಸ್ಟೆನ್. "ನಿಮ್ಮ ಮಗು ಯಾವುದು?"

ಮೂವತ್ತಾರು ವರ್ಷ ಈ ಗಾಜಿನ ಜೊತೆ ಬದುಕಿದವನು. ಅವನು ಎರಡನ್ನೂ ನೋಡಿದ. ಗಾಜು ಕಾಣಲಿಲ್ಲ, ಮಗಳ ಮುಖ ಮಾತ್ರ ಕಂಡಿತು, ಎರಡು ಸಲ.

"ಎ," ಎಂದ. "ಎ ಹಳೇದು. ಕೆನ್ನೆ ಮೇಲೆ ಬೆಳಕು ಇಳಿದಿರೋದು ನೋಡಿ."

ಟಾರ್ಸ್ಟೆನ್ ಚೀಟಿ ತಿರುಗಿಸಿದ. ಎ ಹೊಸದು.

ಯಾರೂ ನಗಲಿಲ್ಲ. ನಕ್ಕಿದ್ದರೆ ಸುಲಭವಾಗುತ್ತಿತ್ತು. ಬೆಳಕು ಕಮ್ಮಿ ಇತ್ತು, ಎಂದರು ಒಬ್ಬರು. ನಾನೂ ಎ ಅಂತಲೇ ಅಂದ್ಕೊಂಡಿದ್ದೆ, ಎಂದಳು ಹಿಲ್‌ಟ್ರೂಡ್, ಅವನ ತಟ್ಟೆಗೆ ಕೇಕಿನ ಚೌಕವೊಂದನ್ನು ಇಟ್ಟು ಅದರ ಮೇಲೆ ಕೇಳದೆಯೇ ಎರಡು ಚಮಚ ಕೆನೆ ಸುರಿದಳು. ಅವನು ತಿಂದ. ಪ್ಲಮ್ ಹುಳಿಯಾಗಿತ್ತು. ಯುಟ್ಟಾ ಮೇಜಿನ ಆ ತುದಿಯಿಂದ ಅವನತ್ತ ನೋಡಿ, ಪರವಾಗಿಲ್ಲ ಬಿಡು, ಎನ್ನುವಂತೆ ಮೂಗು ಸೊಟ್ಟ ಮಾಡಿದಳು. ಚಿಕ್ಕಂದಿನಲ್ಲಿ ಅವನು ಇಸ್ಪೀಟಿನಲ್ಲಿ ಸೋತಾಗ ಹಾಗೆ ಮಾಡುತ್ತಿದ್ದಳು.

ಮೂರು ಗಂಟೆಗೆ ಪರದೆ ಇಳಿಯಿತು. ಯುಟ್ಟಾ ಎದ್ದು ಬಂದು ಅಪ್ಪನ ಪಕ್ಕ ಕುಳಿತು ಅವನ ಕೈ ಹಿಡಿದುಕೊಂಡಳು. ಅವನು ಕೈಯನ್ನು ಹಾಗೆಯೇ ಬಿಟ್ಟ.

"ನಾವು ಇಷ್ಟು ವರ್ಷ ನೋಡಿರೋದು ಕತ್ತರಿಸಿದ ಚಿತ್ರ," ಎಂದ ಟಾರ್ಸ್ಟೆನ್. "ಮೊದಲನೇ ಸಲ ಪೂರ್ತಿಯಾಗಿ. ಹಿಗ್ಗಿಸೋ ಕೆಲಸ ಯಂತ್ರಕ್ಕೇ ಬಿಟ್ಟಿದ್ದೆ, ನಾನೂ ಈಗ್ಲೇ ನೋಡ್ತಿರೋದು."

ಗೋಡೆಯಷ್ಟು ದೊಡ್ಡದಾಗಿ ಅಡುಗೆಮನೆ ಬಂತು. ಮಧ್ಯದಲ್ಲಿ ಮಾರ್ಲೀಸ್, ಅದೇ ಮಸುಕು, ದೊಡ್ಡದಾದಷ್ಟೂ ಮುಖ ಎಲ್ಲೂ ನಿಲ್ಲದೆ ಹರಡಿಹೋಗಿತ್ತು. ಅವಳ ಹಿಂದೆ, ಎರಡು ಹೆಜ್ಜೆ ದೂರದ ಗೋಡೆ ಚಾಕುವಿನಿಂದ ಕೊಯ್ದಷ್ಟು ಸ್ಪಷ್ಟ. ಬಣ್ಣದ ಬಿರುಕು, ಮೊಳೆ, ಮೊಳೆಯಿಂದ ತೂಗುವ ಕ್ಯಾಲೆಂಡರು. ಹದಿನಾಲ್ಕು. ಕೆಳಗೆ ಸಣ್ಣ ಅಕ್ಷರದಲ್ಲಿ ಮಾರ್ಚ್, ಗುರುವಾರ. ಸೂರ್ಯ ಮುಳುಗುವ ಹೊತ್ತನ್ನು ಕೂಡ ಓದಬಹುದಿತ್ತು.

ಗಾಜು ಅರೆದು ಬದುಕಿದ ಹತ್ತು ಜನರಿಗೆ ಅರ್ಥವಾಗಲು ಒಂದು ಉಸಿರೂ ಬೇಕಾಗಲಿಲ್ಲ. ಲೆನ್ಸು ಮೃದುವಲ್ಲ. ಬಿಗಿ ಮಾಡದ ಕೊಳವೆ ಒಂದು ಕೂದಲೆಳೆ ಒಳಕ್ಕೆ ಜಾರಿದೆ, ನೋಟ ಹೆಂಡತಿಯನ್ನು ದಾಟಿ ಹಿಂದಿನ ಗೋಡೆಗೆ ಹೋಗಿ ನಿಂತಿದೆ. ಚೀಟಿ ಬರೆದವನೇ ಮರೆತಿದ್ದಾನೆ. ಯಾರೋ ಕೆಮ್ಮಿದರು. ಟಾರ್ಸ್ಟೆನ್ ಪರದೆಯನ್ನೂ ವಿನ್‌ಫ್ರೀಡನನ್ನೂ ನೋಡಿ, ಕತ್ತು ನೀವಿಕೊಂಡ.

"ಈ ಹಳೇ ಲೆನ್ಸುಗಳಲ್ಲಿ ಹೀಗೂ ಆಗೋದುಂಟು," ಎಂದ ನಿಧಾನಕ್ಕೆ. "ನಡುವೆ ಮೃದು, ಬದೀಲಿ ಚೂಪು. ಕೆಲವು ತುಂಬ ಅಪರೂಪದ ಪೀಸುಗಳಲ್ಲಿ."

ಅದು ಶುದ್ಧ ಬೊಗಳೆ. ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಅದು ಬೊಗಳೆಯೆಂದು ಗೊತ್ತಿತ್ತು. ಹೌದು ಹೌದು, ಅಪರೂಪಕ್ಕೆ, ಎಂದರು ಲೇಪ ಹಚ್ಚುವ ವಿಭಾಗದಲ್ಲಿದ್ದ ಮುದುಕರು. ಒಬ್ಬೊಬ್ಬರಾಗಿ ತಲೆಯಾಡಿಸಿದರು. ವಿನ್‌ಫ್ರೀಡನಿಗೆ ಎದ್ದು ನಿಂತು ಹೇಳಿಬಿಡಬೇಕೆನ್ನಿಸಿತು, ಏಳಲಿಲ್ಲ. ಇಷ್ಟು ಜನ ಸೇರಿ ತನ್ನ ಮೇಲೆ ಕಂಬಳಿ ಹೊದಿಸುತ್ತಿದ್ದಾರೆ, ಸತ್ತವರಿಗೆ ಹೊದಿಸುವ ಹಾಗೆ. ಆದರೆ ಅದೂ ಈಗ ದೂರದ ಮಾತಾಗಿತ್ತು, ಯಾಕೆಂದರೆ ಯುಟ್ಟಾಳ ಕೈ ಅವನ ಕೈಯಲ್ಲಿ ಅಲುಗಾಡದೆ ನಿಂತಿತ್ತು. ಅವಳು ಅಮ್ಮನ ಮುಖ ನೋಡುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ತನ್ನ ಮಡಿಲಲ್ಲಿಟ್ಟುಕೊಂಡಳು.

ಅವಳು ಎಲ್ಲರ ಕೈ ಕುಲುಕಿದಳು. ಹಿಲ್‌ಟ್ರೂಡ್ ಕಟ್ಟಿಕೊಟ್ಟ ಕೇಕು ತೆಗೆದುಕೊಂಡು ಥ್ಯಾಂಕ್ಸ್ ಹೇಳಿದಳು. ಅಪ್ಪನ ಕೋಟನ್ನು ಹಿಡಿದು ನಿಂತಳು, ಅವನ ಎಡಗೈಗೆ ತೋಳು ಸಿಗದೆ ಒದ್ದಾಡುವಷ್ಟು ಹೊತ್ತೂ ಹಿಡಿದೇ ನಿಂತಳು. ಟಾರ್ಸ್ಟೆನ್ ಎರಡು ಪ್ರಿಂಟುಗಳನ್ನು ಲಕೋಟೆಯಲ್ಲಿ ಹಾಕಿ ವಿನ್‌ಫ್ರೀಡನ ಕಂಕುಳಿಗೆ ಸಿಕ್ಕಿಸಿ, ಭುಜ ತಟ್ಟಿದ. ಕಾರು ಹೊರಟು, ಸೇತುವೆ ದಾಟಿ, ಅವನ ಮನೆಯ ಮುಂದೆ ನಿಂತಿತು. ಅವಳು ಎಂಜಿನ್ ಆರಿಸಲಿಲ್ಲ.

"ಆ ಫೋಟೋ ಫೆಬ್ರವರೀದು ಅಂದಿದ್ದೆ ನೀನು."

"ಹ್ಞೂಂ."

"ಗುರುವಾರ ನಾನು ಫೋನ್ ಮಾಡಿದ್ದೆ. ಶೂ ಕೂಡ ಹಾಕ್ಕೊಂಡಿದ್ದೆ ಪಪ್ಪ."

ಅವನು ಲಕೋಟೆಯ ಅಂಚನ್ನು ನೇರ ಮಾಡುತ್ತಿದ್ದ.

"ಅಮ್ಮ ಎದ್ದು ಕೂತಿದ್ಲು."

"ಹ್ಞೂಂ."

"ನನ್ನ ಕೇಳಿದ್ಲಾ?"

ಇಲ್ಲ ಎನ್ನಬಹುದು. ಇಲ್ಲವೆಂದರೆ ತಾಯಿ ತನ್ನನ್ನು ಕೇಳದೆಯೇ ಹೋದಳೆಂದು ಇವಳು ಬದುಕಿಡೀ ಕೊರಗಬೇಕು. ಹೌದೆಂದರೆ ಮುಂದಿನ ಪ್ರಶ್ನೆ ಬರುತ್ತದೆ. ಇವೆರಡರ ನಡುವೆ ನಿಂತು, ಮಗಳಿಗೆ ಯಾವುದು ಕಡಿಮೆ ನೋವು ಎಂದು ತಾನು ನಿಜವಾಗಿ ಯೋಚಿಸುತ್ತಿದ್ದೇನೆಯೇ, ಇಲ್ಲ ತನಗೆ ಯಾವುದು ಕಡಿಮೆ ಎಂದೋ, ಅವನಿಗೇ ತಿಳಿಯಲಿಲ್ಲ.

"ಕೇಳಿದ್ಲು. ಯುಟ್ಟಾಗೆ ಫೋನ್ ಮಾಡಿದ್ಯಾ ಅಂದ್ಲು."

"ನೀನೇನಂದೆ?"

"ಮಾಡ್ದೆ ಅಂದೆ. ಬರೋಕಾಗಲ್ವಂತೆ ಅಂದೆ. ಕೆಲಸ ಇದೆಯಂತೆ ಅಂತ."

ಆಗ ಮಾರ್ಲೀಸ್ ಮುಖವನ್ನು ಅವನ ಕಡೆಗೆ ಎತ್ತಿದ್ದಳು, ಅಷ್ಟೆ. ಆ ಮುಖದೆದುರು ಬರಿಗೈಯಲ್ಲಿ ನಿಲ್ಲಲಾಗದೆ ಅವನು ಮೇಜಿನ ಮೇಲಿದ್ದ ಕ್ಯಾಮೆರಾ ಎತ್ತಿಕೊಂಡಿದ್ದ, ಲೆನ್ಸು ಎಳೆದಿದ್ದ, ತಿರುಗಿಸಿರಲಿಲ್ಲ. ಆ ಪುಟ್ಟ ಕಿಟಕಿಯಲ್ಲಿ ಇಬ್ಬರು ಮಾರ್ಲೀಸರು ಹತ್ತಿರ ಬಂದು ಒಂದಾಗಿದ್ದರು. ಆ ಮುಖ ಏನೆಂದು ಅಂದು ಜಗತ್ತಿನಲ್ಲಿ ನೋಡಿದವನು ಅವನೊಬ್ಬನೇ, ಅತ್ಯಂತ ಸ್ಪಷ್ಟವಾಗಿ. ಸಾಕು ಇಡು, ಎಂದು ಆಮೇಲೆ ಅವಳು ಗೋಡೆಯ ಕಡೆ ತಿರುಗಿಕೊಂಡಳು. ಶನಿವಾರ ನಸುಕಿಗೆ ಹೋಗಿಬಿಟ್ಟಳು. ಭಾನುವಾರ ಯುಟ್ಟಾ ಬಂದಳು.

ಯುಟ್ಟಾ ಎರಡೂ ಕೈಗಳನ್ನು ಸ್ಟಿಯರಿಂಗಿನ ಮೇಲಿಟ್ಟುಕೊಂಡು ಎದುರಿನ ರಸ್ತೆ ನೋಡುತ್ತಿದ್ದಳು. ಅಳುತ್ತಾಳೆ ಎಂದು ಅವನು ಕಾದ. ಕೂಗಾಡಿದರೆ ಇನ್ನೂ ಒಳ್ಳೆಯದು.

"ಸದ್ಯ," ಎಂದಳು. "ಅಮ್ಮನ ಮುಖ ಕಾಣಿಸಲ್ಲ."

ಆಮೇಲೆ, "ಇಳಿ ಪಪ್ಪ. ಕಾಸೆಲ್‌ಗೆ ಹೊತ್ತಾಗುತ್ತೆ," ಎಂದಳು. ಅವನು ಇಳಿದ. ಕೇಕಿನ ಪೊಟ್ಟಣ ಕಾರಿನಲ್ಲೇ ಉಳಿದದ್ದನ್ನು ನೋಡಿ ಅವಳು ಕಿಟಕಿ ಇಳಿಸಿ ಅದನ್ನು ಅವನ ಕೈಗೆ ಕೊಟ್ಟಳು. ಕೊಡುವಾಗಲೂ ಮುಖ ನೋಡಲಿಲ್ಲ. ಕಾರು ತಿರುವಿನಲ್ಲಿ ಮರೆಯಾದ ಮೇಲೂ ಅವನು ಪೊಟ್ಟಣ ಹಿಡಿದುಕೊಂಡು ಫುಟ್‌ಪಾತಿನಲ್ಲಿ ನಿಂತಿದ್ದ; ಮೇಲಿನ ಮನೆಯ ಹೆಂಗಸು, ಕೀಲಿ ಮರ್ತ್ರಾ ಲೋಟ್ಸ್ ಅವರೇ, ಎಂದು ಕೇಳಿದಳು. ಇಲ್ಲ, ಇದೆ, ಎಂದ.

ಒಳಗೆ ಬಂದು ಕೋಟು ಬಿಚ್ಚದೆ ಮೇಜಿನ ಮುಂದೆ ಕುಳಿತು ಲಕೋಟೆಯಿಂದ ಎರಡು ಚಿತ್ರಗಳನ್ನೂ ತೆಗೆದು ಅಕ್ಕಪಕ್ಕ ಇಟ್ಟ. ರಿಪೇರಿ ಬೆಂಚಿನ ಹಳೆಯ ಭೂತಗಾಜನ್ನು ಕಣ್ಣಿಗೆ ಹಿಡಿದ. ಇನ್ನು ಯಾರಿಗೂ ಬೇಕಾಗದ ಆ ಕೆಲಸವನ್ನು ಅವನು ಕ್ರಮಪ್ರಕಾರ ಮಾಡಿದ: ಮೊದಲು ನಾಲ್ಕು ಮೂಲೆ, ಆಮೇಲೆ ಅಂಚು, ಆಮೇಲೆ ನಡು. ಹೌದು, ಬಿ ಚಿತ್ರದ ಕೆಳಮೂಲೆಯಲ್ಲಿ ಕುರ್ಚಿಯ ಕಾಲು ತುಸು ಮೆತ್ತಗಿತ್ತು. ಹಳೆಯದು ಬಿ, ಯಾರು ಬೇಕಾದರೂ ಹೇಳಬಹುದಿತ್ತು. ಉಳಿದಂತೆ ಯಾವ ಕೊರತೆಯೂ ಇಲ್ಲದ ಲೆನ್ಸು. ಅಂದೂ ಇರಲಿಲ್ಲ. ಕಣ್ಣುಗಳಿಗೆ ಬಂದಾಗ ಗಾಜನ್ನು ಒರೆಸಿ ಮತ್ತೆ ನೋಡಿದ. ಎ ಚಿತ್ರದಲ್ಲೂ ಬಿ ಚಿತ್ರದಲ್ಲೂ, ರೆಪ್ಪೆಯ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿ, ಮಗಳು ಕ್ಯಾಮೆರಾದ ಪಕ್ಕ ನಿಂತ ಅಪ್ಪನನ್ನು ನಂಬಿಕೊಂಡು ನೋಡುತ್ತಿದ್ದಳು.